ಸುದ್ದಿ ಬರಲಿ, ಹುಕುಂ ಬೇಡ

ಬೆಂಗಳೂರಿನಲ್ಲಿ ಒಂದು ಫ್ಲ್ಯಾಟು, ಮಲೆನಾಡಿನಲ್ಲಿ ಹಿರಿಯರಿರುವ ಹೆಂಚಿನ ಮನೆ. ಈ ಎರಡರ ದೀಪ, ಗೀಸರು, ಪಂಪು, ಬಾಗಿಲುಗಳನ್ನು ಫೋನಿನಿಂದ ನೋಡಿಕೊಳ್ಳಲು ಹೊರಟವರಿಗೆ ಮೊದಲು ಹೊಳೆಯುವ ಉಪಾಯ, ಎಲ್ಲವನ್ನೂ ಒಂದೇ ಆ್ಯಪಿಗೆ ಸೇರಿಸಿ ಬೆಂಗಳೂರಿನಲ್ಲೇ ಕೂತು ನಡೆಸುವುದು. ಎರಡು ಮನೆಗಳ ಉಸ್ತುವಾರಿ ನನಗೆ ಕಲಿಸಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು. ಎರಡು ಮನೆಗೆ ಎರಡು ಪ್ರತ್ಯೇಕ ವ್ಯವಸ್ಥೆ ಬೇಕು. ಇಂಟರ್‌ನೆಟ್ ಕಡಿದುಹೋದರೂ ಪ್ರತಿ ಮನೆ ತನ್ನ ಕೆಲಸ ತಾನು ಮಾಡಿಕೊಳ್ಳುವಂತಿರಬೇಕು. ನಡುವೆ ಓಡಾಡಬೇಕಾದದ್ದು ಸುದ್ದಿ ಮಾತ್ರ. ‘ಟ್ಯಾಂಕು ಅರ್ಧಕ್ಕಿಳಿದಿದೆ’, ‘ಕರೆಂಟು ಹೋಗಿ ಎರಡು ಗಂಟೆಯಾಯಿತು’ ಎಂಬುದು ಸುದ್ದಿ. ‘ಪಂಪು ಹಾಕು’ ಎಂಬುದು ಹುಕುಂ. ಅದು ಪಂಪು ಇರುವ ಮನೆಯಲ್ಲೇ ಹುಟ್ಟಬೇಕು.

ಮೊದಲ ಕಾರಣ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಸುತ್ತಲ ಸೀಮೆಯಲ್ಲಿ ಆ ತಿಂಗಳುಗಳಲ್ಲಿ ಮರ ಬಿದ್ದು ಲೈನ್ ಹರಿಯುವುದು ಮಾಮೂಲು. ಫೈಬರ್ ಕೇಬಲ್ಲೂ ಅನೇಕ ಕಡೆ ಅದೇ ಕಂಬಗಳ ಮೇಲೆ ಹೋಗಿರುತ್ತದೆ, ಹಾಗಾಗಿ ಎರಡೂ ಒಟ್ಟಿಗೇ ಬೀಳುತ್ತವೆ. ಟವರಿನ ಬ್ಯಾಟರಿ ಮುಗಿದಮೇಲೆ ಮೊಬೈಲ್ ಸಿಗ್ನಲ್ಲೂ ಇಲ್ಲ. ದೂರದಿಂದ ನೋಡಿಕೊಳ್ಳುವ ಅಗತ್ಯ ಹೆಚ್ಚಿರುವ ದಿನವೇ ದೂರದ ದಾರಿ ಮುಚ್ಚಿರುತ್ತದೆ. ಇನ್ನು ಕಂಪನಿಯ ಸರ್ವರನ್ನೇ ನೆಚ್ಚಿದ ಸಾಧನಗಳ ಪಾಡು ಬೇರೆ. ನಡುಮನೆಯ ದೀಪಕ್ಕೆ ಕೊಟ್ಟ ಆದೇಶ ಯಾವುದೋ ದೇಶದ ಸರ್ವರಿಗೆ ಹೋಗಿ ಮರಳಿ ನಡುಮನೆಗೇ ಬರಬೇಕು. 2016ರ ಮೇನಲ್ಲಿ ಮನೆಯ ಸಾಧನಗಳನ್ನು ಒಂದುಗೂಡಿಸುವ ರಿವಾಲ್ವ್ ಎಂಬ ಹಬ್‌ನ ಸೇವೆಯನ್ನು ಮುಚ್ಚಿದಾಗ ಕೊಂಡವರ ಕೈಯಲ್ಲಿ ಉಳಿದದ್ದು ಬರೀ ಪೆಟ್ಟಿಗೆ. 2022ರ ಏಪ್ರಿಲಿನಲ್ಲಿ ಇಂಥದೇ ಸಾಧನಗಳ ಕಂಪನಿಯಾದ ಇನ್‌ಸ್ಟಿಯಾನ್‌ನ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತವು. 2021ರ ಡಿಸೆಂಬರ್ 7ರಂದು ಅಮೆಜಾನಿನ ಕ್ಲೌಡ್ ಎಡವಿದಾಗ ಮನೆಗಳ ಕ್ಯಾಮೆರಾ, ಕಸ ಗುಡಿಸುವ ಯಂತ್ರಗಳ ಸೇವೆಯೂ ಅಸ್ತವ್ಯಸ್ತವಾಯಿತು. ಎರಡು ಮನೆಗಳನ್ನು ಒಂದೇ ಖಾತೆಗೆ ಕಟ್ಟಿದರೆ ಇಂಥ ಒಂದು ಪೆಟ್ಟು ಎರಡಕ್ಕೂ ಬೀಳುತ್ತದೆ.

ಹಾಗಾಗಿ ಪ್ರತಿ ಮನೆಗೂ ಅದರದೇ ಪುಟ್ಟ ಕಂಪ್ಯೂಟರು. ರಾಸ್ಪ್‌ಬೆರಿ ಪೈ ಸಾಕು. ಅದರ ಮೇಲೆ 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರುಮಾಡಿದ, ಇಂದು ಮುಕ್ತ ತಂತ್ರಾಂಶವಾಗಿ ಬೆಳೆದಿರುವ ಹೋಮ್ ಅಸಿಸ್ಟೆಂಟ್. ಸೆನ್ಸರುಗಳು ಜಿಗ್‌ಬೀ ರೇಡಿಯೋದಲ್ಲಿ ನೇರವಾಗಿ ಅದರೊಡನೆ ಮಾತಾಡುತ್ತವೆ, ಇಂಟರ್‌ನೆಟ್ಟಿನ ಹಂಗಿಲ್ಲ. ಆದರೆ ಹಳೆಯ ಮನೆಯ ಜಂಬಿಟ್ಟಿಗೆ ಗೋಡೆ ದಪ್ಪ. ಸಿಗ್ನಲ್ ಒಂದೊಂದು ಕೋಣೆಗೂ ಪ್ಲಗ್ಗಿನಲ್ಲಿರುವ ಇನ್ನೊಂದು ಸಾಧನದ ಮೂಲಕ ದಾಟಿ ಹೋಗಬೇಕಾಗುತ್ತದೆ. ಕರೆಂಟು ಹೋದರೆ ಆ ನಡುವಿನ ಸಾಧನ ಸಾಯುತ್ತದೆ. ಅದರ ಆಚೆಗಿನ ಬ್ಯಾಟರಿ ಸೆನ್ಸರು ಬದುಕಿದ್ದೂ ಮೂಕವಾಗುತ್ತದೆ. ಬೆಂಗಳೂರಿನ ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಈ ತೊಂದರೆ ಕಣ್ಣಿಗೇ ಬೀಳದು. ಊರಿನ ಮನೆಯಲ್ಲಿ ಪ್ರತಿ ನಡುಗೊಂಡಿಯನ್ನೂ ಇನ್ವರ್ಟರ್ ಲೈನಿಗೆ ಹಾಕಬೇಕು. ಪದೇ ಪದೇ ಕರೆಂಟು ಹೋಗುವ ಕಡೆ ಕಂಪ್ಯೂಟರಿನ ಎಸ್‌ಡಿ ಕಾರ್ಡ್ ಬೇಗ ಕೆಡುತ್ತದೆ, ಎಸ್‌ಎಸ್‌ಡಿ ಹಾಕುವುದು ಮೇಲು. ಏಪ್ರಿಲ್, ಮೇ ತಿಂಗಳ ಸಿಡಿಲು ಇನ್ನೂ ಕ್ರೂರ: ಪಂಪ್‌ಹೌಸಿನಿಂದ ಮನೆಗೆ ಎಳೆದ ತಾಮ್ರದ ಕೇಬಲ್ಲೇ ಅದಕ್ಕೆ ದಾರಿಯಾಗುತ್ತದೆ. ಗಾಜಿನ ಎಳೆಯ ಫೈಬರಿಗೆ ಆ ಭಯವಿಲ್ಲ.

‘ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಲ್ಲ’ ಎಂಬ ಆಕ್ಷೇಪ ಸಹಜ. ಅದು ಒಂದೇ ಕೆಲಸವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಫ್ಲ್ಯಾಟಿನ ಗೀಸರು ಗಡಿಯಾರ ನೋಡಿ ಹೊತ್ತಿದರೆ ಸಾಕು. ಊರಿನ ಮನೆಯಲ್ಲಿ ಬಚ್ಚಲ ಹಂಡೆಗೆ ಸೌದೆಯೇ ಆಧಾರ. ತೋಟದ ಪಂಪಿಗೆ ಗಡಿಯಾರ ಉಪಯೋಗಕ್ಕೆ ಬಾರದು, ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಕರೆಂಟು ಬಂದದ್ದನ್ನು ಕಂಡು, ಮೂರೂ ಫೇಸ್ ಸರಿಯಿದೆಯೇ, ಬಾವಿಯಲ್ಲಿ ನೀರಿದೆಯೇ ನೋಡಿ ಮೋಟರ್ ಹೊರಡಬೇಕು. ಎಲ್ಲರ ಆಟೋ ಸ್ಟಾರ್ಟರುಗಳೂ ಅದೇ ಗಳಿಗೆಗೆ ಮೋಟರ್ ಎಬ್ಬಿಸಿದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬೀಳುವುದರಿಂದ ನಮ್ಮದು ಕೆಲವು ನಿಮಿಷ ತಡೆದು ಹೊರಡುವುದು ನೆರೆಹೊರೆಯ ಧರ್ಮವೂ ಹೌದು. ಇಂಥ ತಿಳಿವಳಿಕೆಯೆಲ್ಲ ಆ ಸ್ಥಳದ್ದು. ಒಂದು ಮನೆಯ ನಿಯಮವನ್ನು ಇನ್ನೊಂದಕ್ಕೆ ನಕಲು ಮಾಡುವುದೇ ಹೆಚ್ಚು ಕೆಲಸ ಹಚ್ಚುತ್ತದೆ.

ಸುದ್ದಿ ಓಡಾಡಲು ನಾನು ನೆಚ್ಚುವುದು ಎಂಕ್ಯೂಟಿಟಿ ಎಂಬ ಕ್ರಮವನ್ನು. ಆ್ಯಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಇದನ್ನು ಕಟ್ಟಿದ್ದು ಉಪಗ್ರಹದ ಮೂಲಕ ತೈಲ ಕೊಳವೆಗಳ ಮೇಲೆ ಕಣ್ಣಿಡಲು. ದುಬಾರಿಯಾದ, ಆಗಾಗ ಕಡಿಯುವ ಸಂಪರ್ಕಕ್ಕೆಂದೇ ಹುಟ್ಟಿದ್ದರಿಂದ ಮಲೆನಾಡಿಗೆ ಒಗ್ಗುತ್ತದೆ. ಇದರಲ್ಲಿ ನನಗೆ ಅತಿ ಪ್ರಿಯವಾದ ಸೌಲಭ್ಯದ ಹೆಸರು ಉಯಿಲು. ‘ನಾನು ದನಿಯಡಗಿದರೆ ನನ್ನ ಪರವಾಗಿ ಇದನ್ನು ಹೇಳು’ ಎಂದು ಪ್ರತಿ ಸಾಧನವೂ ಮೊದಲೇ ಬರೆದಿಡುತ್ತದೆ; ಮೌನವೇ ಸುದ್ದಿಯಾಗುತ್ತದೆ. ಈ ಸುದ್ದಿ ಇತರರ ಕಣ್ಣಿಗೆ ಬೀಳದೆ ಸಾಗಲು ಎರಡು ಮನೆಯ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಬಹುದು. ಆದರೆ ಎರಡೂ ರೌಟರುಗಳು ಅಂಗಡಿಯಿಂದ ಬಂದಂತೆ 192.168.1 ಎಂದೇ ವಿಳಾಸ ಹಂಚುತ್ತಿದ್ದರೆ ಸುರಂಗ ದಿಕ್ಕೆಡುತ್ತದೆ. ಮೊದಲ ದಿನವೇ ಒಂದಕ್ಕೆ 192.168.10, ಇನ್ನೊಂದಕ್ಕೆ 192.168.20 ಎಂದು ಬೇರ್ಪಡಿಸಿಕೊಂಡರೆ ವಾರಗಳ ತಲೆನೋವು ತಪ್ಪುತ್ತದೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ವಯಸ್ಸಾದವರಿಗೆ ಇದೆಲ್ಲ ತಿಳಿಯದು, ಆದ್ದರಿಂದ ಹಿಡಿತ ಮಕ್ಕಳ ಕೈಯಲ್ಲಿರಲಿ, ನಡುಮನೆಗೊಂದು ಕ್ಯಾಮೆರಾ ಇರಲಿ. ಹಿಂದಿರುವ ಕಾಳಜಿ ನಿಜವಾದದ್ದು. ಆದರೂ ಆ ಮನೆ ಅವರದು. ಗೋಡೆಯ ಸ್ವಿಚ್ಚು ಒತ್ತಿದರೆ ದೀಪ ಹತ್ತಲೇಬೇಕು. ಕಂಪ್ಯೂಟರಿನ ಮಾತಿಗೆ ದೀಪ ಹತ್ತಿಸುವ ರಿಲೇ ಕೂರಬೇಕಾದದ್ದು ಆ ಸ್ವಿಚ್ಚಿನ ಹಿಂದೆ, ಅದರ ಜಾಗದಲ್ಲಲ್ಲ. ಬೆಳಿಗ್ಗೆ ಹಿತ್ತಲ ಬಾಗಿಲು ತೆರೆಯಿತು ಎಂಬಷ್ಟು ಸುದ್ದಿ ಬಂದರೆ ದೂರದವರಿಗೆ ಸಮಾಧಾನಕ್ಕೆ ಸಾಕು. ಅದೂ ಒಂದು ಬಗೆಯ ಕಣ್ಗಾವಲೇ ಆದ್ದರಿಂದ ಕೇಳಿ, ಒಪ್ಪಿಗೆ ಪಡೆದೇ ಹಾಕಬೇಕು. ಫ್ಲ್ಯಾಟಿಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದು ಊರಿನ ಮನೆಗೂ ತಿಳಿಯಲಿ. ಸುದ್ದಿ ಒಮ್ಮುಖವಾದರೆ ಅದು ಕಾವಲು, ಇಬ್ಬದಿಗೂ ಹರಿದರೆ ಸಂಸಾರ.

ಬೀಗ ಹಾಕಿದ ಮನೆಗೆ ಮಾತ್ರ ನನ್ನ ವಾದ ಸ್ವಲ್ಪ ಸಡಿಲವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದು ಮೈಸೂರಿನಲ್ಲಿ ಖಾಲಿ ಮನೆ ಇಟ್ಟುಕೊಂಡವರು ಗಿಡಕ್ಕೆ ನೀರು ಬಿಡಿಸಲು ಹುಕುಂ ಕೊಡದೆ ವಿಧಿಯಿಲ್ಲ. ಆಗ ಹುಕುಮಿನ ಜೊತೆಗೇ ಅದರ ಕೊನೆಯನ್ನೂ ಕಳಿಸಬೇಕು: ಇಪ್ಪತ್ತು ನಿಮಿಷ ನೀರು ಬಿಡು, ಆಮೇಲೆ ನನ್ನನ್ನು ಕೇಳದೆ ನಿಲ್ಲಿಸು. ನಡುವೆ ಸಂಪರ್ಕ ಹೋದರೂ ನಿಲ್ಲಿಸುವ ಹೊಣೆ ಮೈಸೂರಿನ ಕಂಪ್ಯೂಟರಿನದು. ವೇಳಾಪಟ್ಟಿಯೂ ಅಲ್ಲಿಯದೇ ಗಡಿಯಾರವನ್ನು ನಂಬಲಿ. ಕ್ಯಾಲಿಫೋರ್ನಿಯಾದ ಗಡಿಯಾರ ಮಾರ್ಚಿನಲ್ಲಿ ಒಂದು ಗಂಟೆ ಮುಂದೆ, ನವೆಂಬರಿನಲ್ಲಿ ಒಂದು ಗಂಟೆ ಹಿಂದೆ ಸರಿಯುತ್ತದೆ, ನಮ್ಮದು ಸರಿಯುವುದಿಲ್ಲ; ವೇಳೆಯನ್ನು ಅಲ್ಲಿಂದ ಲೆಕ್ಕ ಹಾಕಿದರೆ ಜಗಲಿಯ ದೀಪ ಮುಸ್ಸಂಜೆ ತಪ್ಪುತ್ತದೆ.

ಕೊನೆಗೆ ಎರಡೂ ಮನೆಯ ಮೇನ್ ಸ್ವಿಚ್ಚಿನ ಪಕ್ಕ ಕನ್ನಡದಲ್ಲಿ ಬರೆದು ಅಂಟಿಸಿದ ಒಂದು ಹಾಳೆ ಬೇಕು: ಯಾವ ಎಂಸಿಬಿ ಯಾವ ಸಾಲಿಗೆ, ಕಂಪ್ಯೂಟರ್ ಎಲ್ಲಿದೆ, ಅದನ್ನು ಕಿತ್ತುಹಾಕಿದರೆ ಏನೇನು ನಿಲ್ಲುತ್ತದೆ, ಏನೇನು ನಡೆಯುತ್ತದೆ. ಊರಿನ ಎಲೆಕ್ಟ್ರಿಷಿಯನ್ ಅದನ್ನು ಓದಿ, ಬೆಂಗಳೂರಿಗೆ ಫೋನ್ ಮಾಡದೆ ರಿಪೇರಿ ಮುಗಿಸುವಂತಿರಬೇಕು.