ಹಗುರ ಗಾಡಿಗೆ ಹಗುರ ಟೈರು: ಜಿಮ್ನಿ ಮಾಲೀಕರಿಗೆ ಹತ್ತು ಸೂತ್ರಗಳು

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಜಿಪ್ಸಿ ನಿಲ್ಲುತ್ತಿದ್ದ ಶೆಡ್ಡುಗಳಿಗೆ ಈಗ ಜಿಮ್ನಿಯೂ ಬಂದಿದೆ. 2023ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಫೋರ್ ಬೈ ಫೋರ್ ಕೊಂಡವರು ಮೊದಲು ಕೇಳುವುದು ಟೈರಿನ ವಿಚಾರ. ಜಿಮ್ನಿಯ ದೊಡ್ಡ ಬಲ ಅದರ ಹಗುರ ಮೈ. ಸುಮಾರು 1,200 ಕಿಲೋ ತೂಗುವ ಗಾಡಿ ಕೆಸರು ದಾರಿಯನ್ನೂ ಸಲೀಸಾಗಿ ದಾಟುತ್ತದೆ. ಅದೇ ಜಾಗದಲ್ಲಿ ಭಾರದ ಜೀಪು ಹೂತುಕೊಳ್ಳುತ್ತದೆ. ಟೈರಿನ ಆಸೆಯಲ್ಲಿ ಈ ಗುಣವನ್ನು ಕಳೆದುಕೊಳ್ಳಬೇಡಿ.

1. ತಪ್ಪಿಸಲಾಗದ ಕೆಟ್ಟ ದಾರಿ ಯಾವುದೆಂದು ನೋಡಿ.
ವರ್ಷವಿಡೀ ಬೆಂಗಳೂರಿನಲ್ಲಿ ಓಡಿ, ಆಗೊಮ್ಮೆ ಈಗೊಮ್ಮೆ ಬೆಟ್ಟ ಹತ್ತುವ ಗಾಡಿಗೆ ಕಂಪನಿ ಕೊಟ್ಟ ರಸ್ತೆ ಟೈರೇ ಸಾಕು, ಅದು ಸವೆಯುವ ತನಕ ಬದಲಿಸಬೇಡಿ. ಜುಲೈ ತಿಂಗಳಲ್ಲಿ ಮನೆ ಸೇರಲು ಕೊನೆಯ ಎರಡು ಕಿಲೋಮೀಟರ್ ಕೆಸರಿನಲ್ಲೇ ಹೋಗಬೇಕು ಎನ್ನುವವರ ಮಾತು ಬೇರೆ. ಅವರಿಗೆ ಆ ಎರಡು ಕಿಲೋಮೀಟರೇ ಟೈರು ಆರಿಸಿಕೊಡುತ್ತದೆ.

2. ಎಚ್‌ಟಿ, ಎಟಿ, ಎಂಟಿ.
ಎಚ್‌ಟಿ ಹೆದ್ದಾರಿಗೆ, ಎಂಟಿ ಕೆಸರಿಗೆ, ಎಟಿ ಎರಡಕ್ಕೂ. ಎಂಟಿಯ ದಪ್ಪ ಬಟನ್‌ಗಳು ನೋಡಲು ಗತ್ತು. ಆದರೆ ಡಾಂಬರಿನ ಮೇಲೆ ಗುಂಯ್‌ಗುಡುತ್ತವೆ, ಬೇಗ ಸವೆಯುತ್ತವೆ, ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ಸರಿಯಾಗಿ ಹಿಡಿಯುವುದಿಲ್ಲ. ಜಿಮ್ನಿಯಲ್ಲಿ ಖಾಲಿ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ, ಹಿಡಿತವಿರುವ ಚಕ್ರಕ್ಕೆ ಬಲ ಕಳಿಸುವ ಏರ್ಪಾಟು ಇದೆ. ಈ ನೆರವಿರುವಾಗ ಹೆಚ್ಚಿನವರಿಗೆ ಎಟಿ ಸಾಕು.

3. ನಿಮ್ಮ ಮಣ್ಣನ್ನು ಕೇಳಿ.
ಅಂಗಡಿಯವರು ಈ ಪ್ರಶ್ನೆ ಕೇಳುವುದೇ ಇಲ್ಲ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮಲೆನಾಡಿನ ಜಂಬಿಟ್ಟಿಗೆ ದಾರಿಯಲ್ಲಿ ಮೇಲೆ ನಾಲ್ಕು ಬೆರಳು ರಾಡಿ, ಕೆಳಗೆ ಗಟ್ಟಿ ನೆಲ. ಇಲ್ಲಿ ಕಿರಿದಾದ ಟೈರು ರಾಡಿಯನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಅಗಲ ಟೈರು ಮೇಲೇ ಜಾರಾಡುತ್ತದೆ. ತೋಟದೊಳಗಿನ ಪಾಚಿ ಕಟ್ಟಿದ ಕಲ್ಲಿನ ಏರಿಗೆ ಬಟನ್ ಎಷ್ಟು ದಪ್ಪ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ಮೆತ್ತನೆಯ ರಬ್ಬರು ಮತ್ತು ಬಟನ್ ಮೇಲೆ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು. ಒಳ್ಳೆಯ ಎಟಿಯಲ್ಲಿ ಇವು ತುಂಬ ಇರುತ್ತವೆ, ಎಂಟಿಯಲ್ಲಿ ಕಡಿಮೆ.

ಗದಗ, ವಿಜಯಪುರದ ಎರೆಮಣ್ಣು ಇದಕ್ಕೆ ತದ್ವಿರುದ್ಧ. ಒಂದು ಮಳೆ ಬಿದ್ದರೆ ಮಣ್ಣು ಗಾಲಿಗೆ ಅಂಟಿ, ಎಟಿಯ ಸಂದುಗಳನ್ನೆಲ್ಲ ತುಂಬಿ ಟೈರನ್ನು ನುಣುಪಾಗಿಸಿಬಿಡುತ್ತದೆ. ಎಂಟಿಯ ಅಗಲ ಸಂದುಗಳಿಂದ ಮಣ್ಣು ಸಿಡಿದು ಹೊರಬೀಳುತ್ತದೆ. ಎರೆ ಹೊಲದ ದಾರಿಯಲ್ಲಿ ದಿನವೂ ಓಡಾಡುವ ರೈತ ಎಂಟಿ ಹಾಕಿಸಿದರೆ ತಪ್ಪೇನಿಲ್ಲ.

4. ಅಳತೆ ಹೆಚ್ಚಿಸುವ ಮುಂಚೆ ಲೆಕ್ಕ ಹಾಕಿ.
ಜಿಮ್ನಿಯ ಮೂಲ ಅಳತೆ 195/80 ಆರ್15. 195 ಎಂದರೆ ಮಿಲಿಮೀಟರಿನಲ್ಲಿ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ 80, ರಿಮ್ಮು 15 ಇಂಚು. ಒಟ್ಟು ಎತ್ತರ 693 ಮಿ.ಮೀ. ಬೊಲೆರೊದ 215/75 ಆರ್15 ಹಾಕಿದರೆ ಸುಮಾರು 703 ಮಿ.ಮೀ. ಆಗುತ್ತದೆ. ವ್ಯತ್ಯಾಸ ಒಂದೂವರೆ ಶೇಕಡಾ ಅಷ್ಟೇ, ಗಾಡಿಗೆ ಗೊತ್ತೇ ಆಗುವುದಿಲ್ಲ. ಬೊಲೆರೊ ಟೈರು ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ ಎನ್ನುವುದು ದೊಡ್ಡ ಅನುಕೂಲ.

235/75 ಬೇರೆಯೇ ಕಥೆ. ಎತ್ತರ ನಾಲ್ಕು ಸೆಂಟಿಮೀಟರ್ ಏರುತ್ತದೆ, ಆದರೆ ನೆಲದಿಂದ ಆಕ್ಸಲ್ ಏಳುವುದು ಅದರರ್ಧ, ಎರಡೇ ಸೆಂಟಿಮೀಟರ್. ಅಷ್ಟಕ್ಕೆ ಗೇರಿನ ಬಲ ಶೇ 6ರಷ್ಟು ಕುಗ್ಗುತ್ತದೆ, ಇಳಿಜಾರಿನಲ್ಲಿ ಎಂಜಿನ್ನಿನ ತಡೆಯೂ ಅಷ್ಟೇ ಸಡಿಲಾಗುತ್ತದೆ. 134 ನ್ಯೂಟನ್ ಮೀಟರ್ ಎಳೆತದ ಎಂಜಿನ್ನಿಗೆ ಇದು ಸಣ್ಣ ಹೊರೆಯಲ್ಲ. ಕಂಪನಿ ರಿಮ್ಮಿನ ಅಗಲ ಐದೂವರೆ ಇಂಚು. 235/75ಕ್ಕೆ ಕನಿಷ್ಠ ಆರು ಇಂಚು ಬೇಕು. ರಿಮ್ ಬದಲಿಸದೆ ಈ ಅಳತೆ ಹಾಕಿಕೊಡುತ್ತೇನೆ ಎನ್ನುವ ಅಂಗಡಿಗೆ ಹೋಗಬೇಡಿ.

5. ಟೈರಿನ ತೂಕ ಕೇಳಿ ತಿಳಿದುಕೊಳ್ಳಿ.
ಒಂದೇ ಅಳತೆಯ ಎರಡು ಟೈರುಗಳ ನಡುವೆ ಮೂರ್ನಾಲ್ಕು ಕಿಲೋ ವ್ಯತ್ಯಾಸ ಇರಬಹುದು. ಲೋಡು ಗಾಡಿಗೆಂದು ಮಾಡಿದ ಹತ್ತು ಪ್ಲೈ ಟೈರು ಜಿಮ್ನಿಯ ಭಾರಕ್ಕೆ ಬಗ್ಗುವುದೇ ಇಲ್ಲ, ಕಲ್ಲಿನ ಮೇಲೆ ಕುಪ್ಪಳಿಸುತ್ತದೆ. ಮೈಲೇಜೂ ಇಳಿಯುತ್ತದೆ, ಐದನೇ ಟೈರಿನ ಭಾರವನ್ನು ಹಿಂಬಾಗಿಲಿನ ಕೀಲುಗಳು ಹೊರಬೇಕು.

6. ಪಕ್ಕದ ಗೋಡೆ ಓದಿ.
ಡಿಓಟಿ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2324 ಎಂದರೆ 2024ರ 23ನೇ ವಾರ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ತರಿಸಿ ಎನ್ನಿ. ಭಾರದ ಸೂಚ್ಯಂಕ ಕಂಪನಿ ಟೈರಿನ 96ಕ್ಕಿಂತ ಕಡಿಮೆ ಇರಬಾರದು. 96 ಎಂದರೆ ಒಂದು ಟೈರು 710 ಕಿಲೋ ಹೊರಬಲ್ಲದು.

7. ಐದೂ ಒಂದೇ ಇರಲಿ.
ಜಿಮ್ನಿಯ ಫೋರ್ ವೀಲ್ ಡ್ರೈವ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಗಟ್ಟಿಯಾಗಿ ಜೋಡಿಕೊಳ್ಳುತ್ತವೆ. ಒಂದು ಕಡೆ ಹೊಸ ಟೈರು, ಇನ್ನೊಂದು ಕಡೆ ಸವೆದದ್ದು ಇದ್ದರೆ ಅವು ಒಂದನ್ನೊಂದು ಎಳೆದಾಡಿ ಗೇರುಗಳನ್ನು ಹಿಂಡುತ್ತವೆ. ಒಣ ಡಾಂಬರಿನ ಮೇಲೆ 4ಎಚ್ ಹಾಕಬಾರದು ಎನ್ನುವುದೂ ಇದಕ್ಕೇ. ಸ್ಟೆಪ್ನಿಯನ್ನೂ ಸರದಿಗೆ ಸೇರಿಸಿ ಐದನ್ನೂ ತಿರುಗಿಸಿ ಹಾಕಿ.

8. ಗಾಳಿಯ ವಿಷಯದಲ್ಲಿ ಹಟ ಮಾಡಿ.
ಬಂಕುಗಳಲ್ಲಿ ಕೇಳದೆಯೇ 35 ಪಿಎಸ್‌ಐ ತುಂಬಿಸುವ ರೂಢಿ ಇದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಸರಿಯಾದ ಅಂಕಿ ಇರುತ್ತದೆ, ಅದನ್ನೇ ಕೇಳಿ. ಹೊಸ ಟೈರಿಗೆ ಈ ಗಾಳಿ ಹೊಂದುತ್ತದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಸೀಮೆಸುಣ್ಣದಿಂದ ಬಟನ್‌ಗಳ ಮೇಲೆ ಅಡ್ಡಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ನಡುವಿನ ಗೆರೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚು ಮಾತ್ರ ಅಳಿಸಿದರೆ ಕಡಿಮೆ.

ಕೆಸರಿನಲ್ಲಿ ಸಿಕ್ಕಿಬಿದ್ದಾಗ ಲೋ ರೇಂಜಿಗಿಂತ ಮೊದಲು ಗಾಳಿ ಇಳಿಸಿ. 18–20ಕ್ಕೆ ತಂದರೆ ಟೈರಿನ ಹೆಜ್ಜೆ ಉದ್ದವಾಗಿ ಹಿಡಿತ ಎದ್ದು ಕಾಣುವಷ್ಟು ಹೆಚ್ಚುತ್ತದೆ. 15ಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಹಾಗಾಗಿ ಗಾಡಿಯಲ್ಲೊಂದು 12 ವೋಲ್ಟಿನ ಪಂಪು ಇರಲೇಬೇಕು.

9. 3 ಮಿ.ಮೀ.ಗೇ ಬದಲಿಸಿ.
ಕಾಯ್ದೆ 1.6 ಮಿ.ಮೀ. ಬಟನ್ ತನಕ ಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಘಾಟಿಯಲ್ಲಿ 1.6ರ ಬಟನ್ ನೀರನ್ನು ಹೊರಗೆ ತಳ್ಳಲಾರದು, ಗಾಡಿ ನೀರಿನ ಮೇಲೆ ತೇಲುತ್ತದೆ.

10. ಮೇ ತಿಂಗಳಲ್ಲೇ ಹಾಕಿಸಿ.
ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಲೇಪ ಉಳಿದಿರುತ್ತದೆ. ಒಣ ರಸ್ತೆಯಲ್ಲಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೇ ಪೂರ್ತಿ ಹಿಡಿತ ಬರುವುದು. ಟೈರು ಬದಲಿಸಿದ ಮೇಲೆ ಸ್ಟೇರಿಂಗ್ ನಡುಗಿದರೆ ಅಸಡ್ಡೆ ಮಾಡಬೇಡಿ. ಮುಂದೆಯೂ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಸಣ್ಣ ಅಸಮತೋಲನವೂ ಕೈಗೆ ತಿಳಿಯುತ್ತದೆ. ಜೂನ್ ಮಳೆ ಹಿಡಿಯುವ ಮುಂಚೆ ಮತ್ತೊಮ್ಮೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ.