ಬೇರಿನ ಗಂಟೂ ಪ್ರಯೋಗಶಾಲೆಯೂ

ನಮ್ಮ ಹೊಸೂರು ಸೀಮೆಯಲ್ಲಿ ರಾಗಿಯ ಹೊಲದೊಳಗೆ ಅವರೆಯನ್ನು ಅಕ್ಕಡಿಯಾಗಿ ಬಿತ್ತುವುದು ಹಿರಿಯರಿಂದ ಬಂದ ವಾಡಿಕೆ. ಅವರೆಯ ಗಿಡವನ್ನು ಮೆಲ್ಲನೆ ಅಗೆದು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುವುವು. ಅವುಗಳೊಳಗಿನ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. 1888ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಯರಿಂಕನು ಇವನ್ನು ಮೊದಲು ಬೇರ್ಪಡಿಸಿ ಬೆಳೆಸಿದನು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಇಂತಹ ಜೀವಿಗಳ ಅಧ್ಯಯನಕ್ಕೆಂದೇ ಕೃಷಿ ಸೂಕ್ಷ್ಮಜೀವಿಶಾಸ್ತ್ರ ವಿಭಾಗವುಂಟು. ಈ ಬಗೆಯ ಪ್ರಯೋಗಶಾಲೆಗೆ ನಾಲ್ಕು ಉಪಕರಣಗಳು ಮುಖ್ಯ. ಆಟೋಕ್ಲೇವ್ ಎಂಬ ಹಬೆಯ ಪಾತ್ರೆಯು 121 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೇಡದ ಜೀವಿಗಳನ್ನು ಕೊಲ್ಲುತ್ತದೆ. ಸೋಸಿದ ಗಾಳಿ ಹರಿಯುವ ಪೆಟ್ಟಿಗೆಯೊಳಗೆ ಬೇಕಾದ ಜೀವಿಯನ್ನು ಪೋಷಕ ದ್ರವಕ್ಕೆ ಸೇರಿಸುತ್ತಾರೆ. ಇನ್‌ಕ್ಯುಬೇಟರು ಸುಮಾರು 28 ಡಿಗ್ರಿ ಶಾಖದಲ್ಲಿ ಅದನ್ನು ಬೆಳೆಸುತ್ತದೆ. ಸೂಕ್ಷ್ಮದರ್ಶಕವು ಬೆಳೆದುದರ ಶುದ್ಧಿಯನ್ನು ಪರೀಕ್ಷಿಸಲು ನೆರವಾಗುತ್ತದೆ. ಎಲ್ಲಿಯಾದರೂ ಎಚ್ಚರ ತಪ್ಪಿದರೆ ಪೊಟ್ಟಣದಲ್ಲಿ ಬೇರೆ ಜೀವಿಗಳು ತುಂಬಿ ರೈತನ ಹಣವೂ ಹಂಗಾಮೂ ವ್ಯರ್ಥವಾಗುವುವು.

ಈ ಗೊಬ್ಬರವು ಸಜೀವ ವಸ್ತು, ಬಿಸಿಲಿಗಿಟ್ಟರೆ ಸಾಯುತ್ತದೆ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಒಡನೆಯೇ ಬಿತ್ತಬೇಕು. ವಿದ್ಯಾರ್ಥಿಗಳೇ, ಪೊಟ್ಟಣದ ಮೇಲಿನ ಬೆಳೆಯ ಹೆಸರನ್ನೂ ಅವಧಿಯ ದಿನಾಂಕವನ್ನೂ ತಂದೆತಾಯಿಗಳಿಗೆ ಓದಿ ಹೇಳಿರಿ. ಕಲಿತ ಅಕ್ಷರವು ಹೊಲಕ್ಕೂ ಉಪಕಾರವಾಗಲಿ.