ಹೆರಿಗೆಯ ದಿನವೂ ಅಳತೆಯ ದೋಷವೂ

ಪ್ರಯೋಗಶಾಲೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಯ ಕೈಗೆ ಸ್ಕ್ರೂ ಗೇಜನ್ನು ಕೊಟ್ಟೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಶೂನ್ಯದೋಷ ಎಷ್ಟು?' ಎಂಬುದು. ಉಪಕರಣದ ಎರಡು ಮುಖಗಳೂ ಕೂಡಿದಾಗ ಅದು ಸೊನ್ನೆಯನ್ನು ತೋರಿಸದಿದ್ದರೆ, ಆಮೇಲೆ ಎಷ್ಟು ಎಚ್ಚರದಿಂದ ಅಳೆದರೂ ಉತ್ತರವೆಲ್ಲ ಅಷ್ಟೇ ಪ್ರಮಾಣದಲ್ಲಿ ತಪ್ಪಾಗಿರುತ್ತದೆ. ತಂತಿಯ ದಪ್ಪವನ್ನು ಅಳೆಯಲು ಕಲಿಸುವ ಈ ಪಾಠವು ಹೆರಿಗೆಯ ಕೋಣೆಯ ಬಾಗಿಲಲ್ಲಿಯೂ ಬೇಕಾಗುತ್ತದೆಂಬುದು ನಮಗೆ ಮನವರಿಕೆಯಾದದ್ದು ನಮ್ಮ ತಂಗಿಯು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ.

ವೈದ್ಯರು ಬರೆದುಕೊಟ್ಟಿದ್ದ ದಿನ ಕಳೆದು ಒಂದು ವಾರವಾಗಿತ್ತು. ನೋವಿನ ಸುಳಿವಿಲ್ಲ. "ಒಂಬತ್ತು ತಿಂಗಳು ಒಂಬತ್ತು ದಿನ ಮುಗಿದುಹೋಯಿತು. ನೋವು ಬರಿಸಿ ಎಂದು ಡಾಕ್ಟರಿಗೆ ನೀನಾದರೂ ಹೇಳಬಾರದೇನೋ?" ಎಂದು ನಮ್ಮ ತಾಯಿ. ತಾನಾಗಿ ಬರುವ ನೋವೇ ಒಳ್ಳೆಯದು, ಅವಸರಪಡಬೇಡಿರೆಂದು ಫೋನಿನಲ್ಲಿ ತಂಗಿಯ ಅತ್ತೆಯವರು. ಲೆಕ್ಕ ಬಲ್ಲವರೆಂಬ ಕಾರಣಕ್ಕೆ ತೀರ್ಪು ನಮ್ಮ ಪಾಲಿಗೆ ಬಂತು. ಲೆಕ್ಕ ಬಲ್ಲವನಿಗೆ ವೈದ್ಯ ತಿಳಿಯುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಬಲವಾಗಿದೆ!

ಹೆರಿಗೆಯ ದಿನವನ್ನು ಎಣಿಸುವ ರೂಢಿಯ ಸೂತ್ರಕ್ಕೆ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರಾಂಟ್ಸ್ ನೇಗೆಲೆಯ ಹೆಸರಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 7 ದಿನಗಳನ್ನು ಕೂಡಿಸಿ 3 ತಿಂಗಳು ಹಿಂದೆ ಎಣಿಸಬೇಕು. ಬಂದ ದಿನಾಂಕವನ್ನು ಮುಂದಿನ ವರ್ಷಕ್ಕೆ ತೆಗೆದುಕೊಳ್ಳಬೇಕು. ಇದು 280 ದಿನ, ಅಂದರೆ 40 ವಾರ ಎಂದು ಹೇಳುವುದು ವಾಡಿಕೆ. ತಿಂಗಳುಗಳು ಸಮವಲ್ಲದ ಕಾರಣ ಸೂತ್ರವೇ ಕೊಂಚ ಓಲಾಡುತ್ತದೆ: ಜನವರಿ 1ರಿಂದ ಎಣಿಸಿದರೆ ಅಕ್ಟೋಬರ್ 8ಕ್ಕೆ 280 ದಿನಗಳಾದರೆ, ಮೇ 1ರಿಂದ ಎಣಿಸಿದಾಗ ಬರುವ ಫೆಬ್ರವರಿ 8ಕ್ಕೆ 283 ದಿನಗಳಾಗುತ್ತವೆ. ಇದು ಸಣ್ಣ ಮಾತು. ದೊಡ್ಡ ಮಾತೆಂದರೆ, ಮುಟ್ಟು 28 ದಿನಗಳಿಗೊಮ್ಮೆ ಬರುತ್ತದೆ, 14ನೆಯ ದಿನ ಅಂಡಾಣು ಬಿಡುಗಡೆಯಾಗುತ್ತದೆ ಎಂದು ಸೂತ್ರವು ಸದ್ದಿಲ್ಲದೆ ಭಾವಿಸಿಕೊಂಡಿರುವುದು. ನಮ್ಮ ತಂಗಿಗೆ ದಿನಾಂಕದಲ್ಲಿ ಸಂಶಯವಿರಲಿಲ್ಲ. ಗೌರಿಹಬ್ಬಕ್ಕೆ ಎರಡು ದಿನ ಮುಂಚೆ ಹೊರಗಾಗಿ ಪೂಜೆಗೆ ಕೂರಲಾಗದೆ ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಅವಳ ಮುಟ್ಟು 36–37 ದಿನಗಳಿಗೊಮ್ಮೆ ಬರುವಂಥದು. ಅಂಡಾಣುವು ಸುಮಾರು 9 ದಿನ ತಡವಾಗಿ ಬಿಡುಗಡೆಯಾಗಿರುವ ಸಂಭವವೇ ಹೆಚ್ಚು. ಸ್ಕೇಲಿನ ಮೇಲಿನ ಗೆರೆಯನ್ನು ಸರಿಯಾಗಿಯೇ ಓದಲಾಗಿತ್ತು, ಸೊನ್ನೆ ಮಾತ್ರ ಸರಿದಿತ್ತು.

ಈ ಶೂನ್ಯದೋಷವನ್ನು ತಿದ್ದುವ ಸಾಧನವನ್ನು ಭೌತವಿಜ್ಞಾನವೇ ಒದಗಿಸಿದೆಯೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆ. ಲೋಹದ ಒಳಬಿರುಕುಗಳನ್ನು ಹುಡುಕಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಶ್ರವಣಾತೀತ ತರಂಗಗಳನ್ನು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಹೊಟ್ಟೆಯ ಪರೀಕ್ಷೆಗೆ ತಿರುಗಿಸಿ, ತನ್ನ ಸಂಗಡಿಗರೊಡನೆ 1958ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಮೃದು ಅಂಗಾಂಶದಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1540 ಮೀಟರು ಸಾಗುತ್ತದೆ. ಸೆಕೆಂಡಿಗೆ 50 ಲಕ್ಷ ಕಂಪನಗಳ ತರಂಗವಾದರೆ ಅದರ ಉದ್ದ 0.3 ಮಿಲಿಮೀಟರು. ಹತ್ತನೆಯ ವಾರದ ಭ್ರೂಣವು ನೆತ್ತಿಯಿಂದ ಪೃಷ್ಠದವರೆಗೆ ಸುಮಾರು 3 ಸೆಂಟಿಮೀಟರು ಇರುತ್ತದೆ, ಮತ್ತು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರು ಬೆಳೆಯುತ್ತದೆ. ಆ ಹೊತ್ತಿಗೆ ಬಡವರ ಮಗು, ಶ್ರೀಮಂತರ ಮಗು, ಕುಳ್ಳರ ಮಗು, ಎತ್ತರದವರ ಮಗು ಎಲ್ಲವೂ ಬಹುಮಟ್ಟಿಗೆ ಒಂದೇ ವೇಗದಲ್ಲಿ ಬೆಳೆಯುವುದರಿಂದ, ಉದ್ದದಿಂದ ವಯಸ್ಸನ್ನು 5–7 ದಿನಗಳ ಒಳಗೆ ಹೇಳಬಹುದು. ಕೊನೆಯ ಮೂರು ತಿಂಗಳಿನಲ್ಲಿ ಮಾಡಿದ ಸ್ಕ್ಯಾನಿಗೆ ಈ ಗುಣವಿಲ್ಲ. ಅಷ್ಟರಲ್ಲಿ ಶಿಶುಗಳು ತಮ್ಮತಮ್ಮ ಗಾತ್ರಗಳಿಗೆ ಬೇರೆಯಾಗಿರುತ್ತವೆ. ದೋಷವು ಮೂರು ವಾರಗಳನ್ನೂ ಮೀರಬಹುದು.

ನಮ್ಮ ಊರಿನ ವೈದ್ಯೆಯ ಮುಂದೆ ಇದ್ದದ್ದು ತಾಯಿ ಕಾರ್ಡು ಮಾತ್ರ. ಅದರಲ್ಲಿ ಮುಟ್ಟಿನ ದಿನಾಂಕವಿತ್ತು; ಆ ಪ್ರಕಾರ 41 ವಾರಗಳು ತುಂಬಿದ್ದವು. "ಮೊದಲನೆಯ ಸ್ಕ್ಯಾನಿನ ಕಾಗದ ಎಲ್ಲಿ?" ಎಂದು ಅವರು ಕೇಳಿದರು. ಅದು ಗಂಡನ ಮನೆಯ ಬೀರುವಿನಲ್ಲಿ ಉಳಿದಿತ್ತು. ಭಾವನವರು ಅದರ ಚಿತ್ರ ತೆಗೆದು ಫೋನಿಗೆ ಕಳುಹಿಸಿದ ಮೇಲೆ ವಿಷಯ ತಿಳಿಯಿತು: ಮುಟ್ಟಿನ ಲೆಕ್ಕದಲ್ಲಿ 11 ವಾರ 2 ದಿನವಾಗಿದ್ದಾಗ ಸ್ಕ್ಯಾನು 10 ವಾರವೆಂದು ತೋರಿಸಿತ್ತು. ಆ ಹಂತದಲ್ಲಿ 7 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನಿನ ದಿನವನ್ನೇ ಹಿಡಿಯುವುದು ಪದ್ಧತಿ. ಆದುದರಿಂದ ನಿಜವಾಗಿ ಆಗಿದ್ದುದು 39 ವಾರ 5 ದಿನ.

ದಿನದ ಮೇಲೆ ಇಷ್ಟೊಂದು ಜಗ್ಗಾಟವೇಕೆಂದು ವಾಚಕರು ಕೇಳಬಹುದು. 39ಕ್ಕೂ 42ಕ್ಕೂ ನಡುವಿನ ಮೂರು ವಾರಗಳಲ್ಲಿ ಅಪಾಯವು ಒಂದೇ ಸಮನಾಗಿ ಇರುವುದಿಲ್ಲ. ವಿಕಿರಣಶೀಲ ಪರಮಾಣುವಿಗೆ ಮುಪ್ಪಿಲ್ಲ. ಅದು ಇಂದು ಒಡೆಯುವ ಸಂಭವವೂ ನಾಳೆ ಒಡೆಯುವ ಸಂಭವವೂ ಒಂದೇ. ಗರ್ಭದ ಮಾಸುಚೀಲಕ್ಕಾದರೋ ಮುಪ್ಪು ಉಂಟು. ಸುಮಾರು ಒಂದೂವರೆ ಕೋಟಿ ಗರ್ಭಗಳ ವಿವರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಶಿಶುವು ಹೊಟ್ಟೆಯಲ್ಲಿಯೇ ತೀರಿಕೊಳ್ಳುವ ಸಂಭವವು 37ನೆಯ ವಾರದಲ್ಲಿ ಸಾವಿರಕ್ಕೆ 0.11 ಇದ್ದದ್ದು 42ನೆಯ ವಾರದಲ್ಲಿ 3.18ಕ್ಕೆ ಏರುತ್ತದೆ. ಸಂಖ್ಯೆ ಚಿಕ್ಕದೇ, ಏರಿಕೆ ಚಿಕ್ಕದಲ್ಲ. ಸ್ವೀಡನ್ನಿನಲ್ಲಿ 2760 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ 41 ವಾರಕ್ಕೆ ನೋವು ಬರಿಸಿ, ಉಳಿದವರನ್ನು 42ರವರೆಗೆ ಕಾಯಿಸಿದ ಪರೀಕ್ಷೆಯನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು: ಕಾದವರಲ್ಲಿ 6 ಶಿಶುಗಳು ತೀರಿಕೊಂಡಿದ್ದವು, ಮೊದಲ ಗುಂಪಿನಲ್ಲಿ ಒಂದೂ ಇಲ್ಲ. ಅನೇಕ ಪರೀಕ್ಷೆಗಳನ್ನು ಸೇರಿಸಿ ನೋಡಿದ 2020ರ ಪರಾಮರ್ಶೆಯು, ಸುಮಾರು 544 ಮಂದಿಗೆ ನೋವು ಬರಿಸಿದರೆ ಒಂದು ಶಿಶುವಿನ ಸಾವು ತಪ್ಪುತ್ತದೆಂದು ಹೇಳುತ್ತದೆ. 543 ತಾಯಂದಿರಿಗೆ ಇದರಿಂದ ವ್ಯತ್ಯಾಸವಾಗದು. ಆದರೆ ತಾನು ಯಾವ ಗುಂಪಿನವಳೆಂದು ಯಾವ ತಾಯಿಗೂ ಮುಂಚಿತವಾಗಿ ತಿಳಿಯುವಂತಿಲ್ಲ.

ಹಾಗಾದರೆ ಎಲ್ಲರಿಗೂ 39ಕ್ಕೇ ನೋವು ಬರಿಸಿಬಿಡಬಾರದೇಕೆ? ಅಮೆರಿಕದಲ್ಲಿ ಚೊಚ್ಚಲ ಗರ್ಭಿಣಿಯರಾದ 6106 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 39ನೆಯ ವಾರದಲ್ಲಿ ನೋವು ಬರಿಸಿದವರಿಗೆ ಸಿಸೇರಿಯನ್ ಶಸ್ತ್ರಕ್ರಿಯೆ ಶೇಕಡ 18.6ರಷ್ಟೂ, ಕಾದವರಿಗೆ ಶೇಕಡ 22.2ರಷ್ಟೂ ಆಯಿತು. ನೋವು ಬರಿಸಿದರೆ ಶಸ್ತ್ರಕ್ರಿಯೆ ಖಂಡಿತವೆಂಬ ಜನಜನಿತ ಭಯಕ್ಕೆ ಇದು ತಕ್ಕ ಉತ್ತರ. ಆದರೂ, ಒಬ್ಬ ದಾದಿ ಹಲವು ಮಂಚಗಳನ್ನು ನೋಡಿಕೊಳ್ಳುವ ವಾರ್ಡಿಗೆ ಈ ಫಲವನ್ನು ಹಾಗೆಯೇ ತರಬಹುದೆಂದು ನಾವು ನಂಬುವುದಿಲ್ಲ. ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಇಳಿಯುತ್ತಿರುವಾಗ ಶಿಶುವಿನ ಎದೆಬಡಿತವನ್ನು ಕೇಳುತ್ತಲೇ ಇರಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2018ರ ಶಿಫಾರಸಿನಲ್ಲಿ, ತೊಡಕಿಲ್ಲದ ಗರ್ಭಕ್ಕೆ 41 ವಾರದೊಳಗೆ ಇದು ಬೇಡವೆಂದೂ, 41 ದಾಟಿರುವುದು ಖಚಿತವಾಗಿ ತಿಳಿದಿದ್ದರೆ ಬೇಕೆಂದೂ ಹೇಳಿತು. 'ಖಚಿತವಾಗಿ' ಎಂಬ ಆ ಮಾತಿನ ಕೆಳಗೆ ನಾವು ಗೆರೆ ಎಳೆಯುತ್ತೇವೆ. ಒಳ್ಳೆಯ ನಕ್ಷತ್ರವನ್ನು ಹಿಡಿಯಲೆಂದು 37–38ನೆಯ ವಾರದಲ್ಲಿಯೇ ಮಗುವನ್ನು ಹೊರತೆಗೆಸುವವರ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು: ಉಸಿರಾಟದ ತೊಂದರೆಯಿಂದ ಗಾಜಿನ ಪೆಟ್ಟಿಗೆ ಸೇರುವ ಶಿಶುಗಳು ಆ ವಾರಗಳಲ್ಲಿ ಹೆಚ್ಚು, ಅವಕ್ಕೆ ನಕ್ಷತ್ರವು ಉಸಿರು ಕೊಡದು.

ಲೆಕ್ಕವನ್ನು ಬದಿಗಿಡಬೇಕಾದ ಸಂದರ್ಭಗಳೂ ಇವೆ. ರಕ್ತದೊತ್ತಡ ಏರಿದರೆ 41ಕ್ಕೆ ಕಾಯುವ ಮಾತಿಲ್ಲ. ಇಂಥವರಿಗೆ 37 ವಾರ ತುಂಬಿದೊಡನೆ ಹೆರಿಗೆ ಮಾಡಿಸುವುದು ತಾಯಿಗೆ ಕ್ಷೇಮಕರ. ನೀರು ಒಡೆದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ರಾತ್ರಿಯೇ ಆಗಿರಲಿ ಆಸ್ಪತ್ರೆಗೆ ಹೊರಡಬೇಕು.

ನೋವು ಬರಿಸುವುದೆಂದು ನಿಶ್ಚಯವಾದ ಮೇಲೆ ವೈದ್ಯರು ನೋಡುವುದು ಗರ್ಭಕಂಠವನ್ನು. ಅದು ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೇ, ಯಾವ ಕಡೆಗೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂಬ ಐದಕ್ಕೆ ಅಂಕಗಳನ್ನು ಕೊಡುವ ಕ್ರಮವನ್ನು 1964ರಲ್ಲಿ ಎಡ್ವರ್ಡ್ ಬಿಷಪ್ ಹೇಳಿಕೊಟ್ಟನು. 13ಕ್ಕೆ 8 ದಾಟಿದರೆ ದಾರಿ ಸುಗಮ. 6 ಅಥವಾ ಕಡಿಮೆಯಿದ್ದರೆ ಮೊದಲು ಕಂಠವನ್ನು ಹದಗೊಳಿಸಬೇಕು. ಅದಕ್ಕೆ ಮಾತ್ರೆ, ಜೆಲ್, ಇಲ್ಲವೆ ನೀರು ತುಂಬಿದ ರಬ್ಬರಿನ ಬುಗ್ಗೆ. ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡವಿದ್ದ 602 ಗರ್ಭಿಣಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಶೇಕಡ 57 ಮಂದಿಗೂ ಬುಗ್ಗೆ ಇಟ್ಟವರಲ್ಲಿ ಶೇಕಡ 47 ಮಂದಿಗೂ 24 ಗಂಟೆಗಳೊಳಗೆ ಸಹಜ ಹೆರಿಗೆಯಾಯಿತು. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆ ಸಲ್ಲದು. ಹಳೆಯ ಹೊಲಿಗೆಯಲ್ಲಿ ಗರ್ಭಕೋಶ ಬಿರಿಯುವ ಭಯವಿದೆ.

ಸೊನ್ನೆಯನ್ನು ತಿದ್ದಿದ ಮೇಲೆಯೂ ಒಂದು ಅನಿಶ್ಚಯ ಉಳಿಯುತ್ತದೆ. ಅಂಡಾಣು ಬಿಡುಗಡೆಯಾದ ದಿನವನ್ನೇ ಗುರುತಿಸಿಕೊಂಡು 125 ಗರ್ಭಗಳನ್ನು ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತಿಂಗಳು ತುಂಬದೆ ಹುಟ್ಟಿದವನ್ನು ಬಿಟ್ಟರೂ ಅವಧಿಗಳ ನಡುವೆ 37 ದಿನಗಳ ಅಂತರವಿತ್ತು. ಇದು ಅಳತೆಯ ದೋಷವಲ್ಲ, ಅಳೆಯುವ ವಸ್ತುವಿನ ಸ್ವಭಾವವೇ ಹಾಗೆ. ಯಾವ ಸ್ಕ್ಯಾನೂ ಇದನ್ನು ಕಿರಿದುಗೊಳಿಸಲಾರದು.

ನಮ್ಮ ವೈದ್ಯೆಯು ಸ್ಕ್ಯಾನಿನ ಲೆಕ್ಕದ 41 ವಾರಕ್ಕೆ ಒಂದು ದಿನವನ್ನು ಗೊತ್ತುಮಾಡಿ, ಅಲ್ಲಿಯವರೆಗೆ ವಾರಕ್ಕೆರಡು ಸಲ ರಕ್ತದೊತ್ತಡವನ್ನೂ ಶಿಶುವಿನ ಎದೆಬಡಿತವನ್ನೂ ನೋಡುತ್ತಿದ್ದರು. ಆರು ದಿನಗಳ ನಂತರ, 40 ವಾರ 4 ದಿನಕ್ಕೆ, ನೋವು ತಾನಾಗಿಯೇ ಬಂದು ಹೆಣ್ಣುಮಗು ಹುಟ್ಟಿತು. ಒಂದೇ ಅಳತೆಯಿಂದ ನಿಯಮ ಕಟ್ಟಲು ನಾವು ವಿದ್ಯಾರ್ಥಿಗಳಿಗೆ ಬಿಡುವುದಿಲ್ಲವಾದ್ದರಿಂದ, ಇಲ್ಲಿಯೂ ಬಿಡುವಂತಿಲ್ಲ. ಸ್ಕ್ಯಾನು ದಿನವನ್ನು ಹಿಂದಕ್ಕೆ ಸರಿಸುವ ಬದಲು ಮುಂದಕ್ಕೆ ಸರಿಸಿದ್ದರೆ, ಆ ಕಾಗದವೇ ನಮ್ಮನ್ನು ಬೇಗನೆ ಆಸ್ಪತ್ರೆಗೆ ಸೇರಿಸುತ್ತಿತ್ತು. ನಮ್ಮ ತಾಯಿಯವರು ಮಾತ್ರ ಮಗುವನ್ನು ನೋಡಲು ಬಂದವರಿಗೆಲ್ಲ, ಈ ಕೂಸು ಒಂಬತ್ತು ದಿನ ಹೆಚ್ಚಾಗಿಯೇ ಹೊಟ್ಟೆಯಲ್ಲಿ ಕೂತಿತ್ತು ಎಂದು ಈಗಲೂ ಹೇಳುತ್ತಿರುತ್ತಾರೆ.